ಬುಲ್ ಟೆಂಪಲ್ ರಸ್ತೆಯ ಭಜನೆ: ಬೆಂಗಳೂರು ರಾಮಕೃಷ್ಣಾಶ್ರಮ ಮತ್ತು ಸ್ವಾಮಿ ಪುರುಷೋತ್ತಮಾನಂದರ ಹಾಡಿನ ದಾರಿ

ದಕ್ಷಿಣ ಬೆಂಗಳೂರಿನ ಒಂದು ಇಡೀ ತಲೆಮಾರಿಗೆ ಸ್ವಾಮಿ ಪುರುಷೋತ್ತಮಾನಂದರು (1931–2005) ಮೊದಲು ಪರಿಚಯವಾದದ್ದು ದನಿಯಾಗಿ. ಅವರನ್ನು ಎಂದೂ ಕಾಣದವರು ಕೂಡ ಅವರ ಭಜನೆಯನ್ನು ಕೇಳಿದ್ದರು. ಬೆಳಗಿನ ಹೊತ್ತು ಬಸವನಗುಡಿಯ ಯಾವುದೋ ಮನೆಯ ಕಿಟಕಿಯಿಂದ, ಜಯನಗರದ ಯಾವುದೋ ಭಜನಾಮಂಡಳಿಯ ಶನಿವಾರದ ಕೂಟದಿಂದ, ಬನಶಂಕರಿಯ ಯಾವುದೋ ಶಾಲೆಯ ಪ್ರಾರ್ಥನೆಯಿಂದ ಆ ಹಾಡುಗಳು ಕಿವಿಗೆ ಬಿದ್ದಿರುತ್ತಿದ್ದವು. ಪುಸ್ತಕಗಳ ಮೂಲಕ ಅವರ ಹತ್ತಿರ ಹೋದವರು ಆಮೇಲೆ ಹೋದರು. ಆಶ್ರಮದ ಮೆಟ್ಟಿಲು ಹತ್ತಿದವರು ಇನ್ನೂ ಆಮೇಲೆ.

ಬೆಂಗಳೂರು ರಾಮಕೃಷ್ಣಾಶ್ರಮ ಆರಂಭವಾಗಿ ನೂರಿಪ್ಪತ್ತು ವರ್ಷಗಳು ಸಂದಿವೆ. ಅದರ ಚರಿತ್ರೆಯನ್ನು ಅಧ್ಯಕ್ಷರ ಸಾಲಾಗಿ ಹೇಳಬಹುದು, ಕಟ್ಟಡಗಳ ಬೆಳವಣಿಗೆಯಾಗಿ ಹೇಳಬಹುದು, ಪ್ರಕಟಣೆಗಳ ಪಟ್ಟಿಯಾಗಿಯೂ ಹೇಳಬಹುದು. ಈ ಲೇಖನ ಹಾಡಿನ ದಾರಿ ಹಿಡಿದಿದೆ. ಬಂಗಾಳದಲ್ಲಿ ಹುಟ್ಟಿದ ಒಂದು ಸಂನ್ಯಾಸಿ ಸಂಘ ಬಸವನಗುಡಿಯ ಬಂಡೆಯ ಮೇಲೆ ನೆಲೆಯೂರಿ, ಕೊನೆಗೆ ಕನ್ನಡದಲ್ಲಿ ಬಾಯಿತುಂಬ ಹಾಡುವಂತಾದದ್ದು ಹೇಗೆ ಎಂಬುದು ಇಲ್ಲಿನ ವಿಷಯ. ಆ ದಾರಿಯಲ್ಲಿ ಅತಿ ಹೆಚ್ಚು ದೂರ ನಡೆದವರು ಪುರುಷೋತ್ತಮಾನಂದರು ಎಂದು ನಾನು ದೃಢವಾಗಿ ನಂಬಿದ್ದೇನೆ.

1892–1909: ಹಾಡುಗಾರ ಗುರುವಿನ ಹೆಜ್ಜೆ

ಸಂಘದ ಮೂಲಪುರುಷರಾದ ಸ್ವಾಮಿ ವಿವೇಕಾನಂದರೇ ದೊಡ್ಡ ಹಾಡುಗಾರರು ಎಂಬುದನ್ನು ಅವರ ಭಾಷಣಗಳ ಪ್ರಖರತೆಯಲ್ಲಿ ನಾವು ಮರೆತುಬಿಡುತ್ತೇವೆ. ಸಂನ್ಯಾಸಕ್ಕೆ ಮುಂಚಿನ ದಿನಗಳಲ್ಲೇ ಅವರು ಧ್ರುಪದ ಕಲಿತಿದ್ದರು. 1887ರಲ್ಲಿ ವೈಷ್ಣವಚರಣ ಬಸಾಕ್ ಜೊತೆಗೂಡಿ ಬಂಗಾಳಿಯಲ್ಲಿ ‘ಸಂಗೀತ ಕಲ್ಪತರು’ ಎಂಬ ಹಾಡುಗಳ ಸಂಕಲನವನ್ನು ಸಿದ್ಧಪಡಿಸಿದ್ದರು. ಪರಿವ್ರಾಜಕರಾಗಿ ದೇಶ ಸುತ್ತುತ್ತ 1892ರಲ್ಲಿ ಅವರು ಬೆಂಗಳೂರಿಗೆ ಬಂದಾಗ ದಿವಾನ್ ಶೇಷಾದ್ರಿ ಅಯ್ಯರ್ ಸ್ವಾಮೀಜಿಯನ್ನು ಬರಮಾಡಿಕೊಂಡರು. ಅಲ್ಲಿಂದ ಮೈಸೂರಿಗೆ ಹೋದಾಗ ಮಹಾರಾಜ ಚಾಮರಾಜೇಂದ್ರ ಒಡೆಯರು ಸ್ವಾಮೀಜಿಯ ದನಿಯನ್ನು ಫೋನೋಗ್ರಾಫಿನಲ್ಲಿ ಹಿಡಿದಿಡಲು ಬಯಸಿದರು, ಸ್ವಾಮೀಜಿ ಒಪ್ಪಿದರು. ಆ ಧ್ವನಿಮುದ್ರಣ ಕಾಲಕ್ರಮದಲ್ಲಿ ಮಾಸಿಹೋಯಿತು. ವಿವೇಕಾನಂದರ ದನಿಯನ್ನು ಉಳಿಸಿಕೊಳ್ಳಬೇಕೆಂಬ ಮೊದಲ ಆಸೆ ಹುಟ್ಟಿದ್ದು ಕನ್ನಡ ನೆಲದಲ್ಲಿ ಎಂಬುದು ನನಗೆ ಹೆಮ್ಮೆಯ ಸಂಗತಿ.

ಶ್ರೀರಾಮಕೃಷ್ಣರ ನೇರ ಶಿಷ್ಯರಾದ ಸ್ವಾಮಿ ರಾಮಕೃಷ್ಣಾನಂದರು 1897ರಿಂದ ಮದರಾಸಿನಲ್ಲಿ ನೆಲೆಸಿದ್ದರು. 1903ರಲ್ಲಿ ಅವರು ಬೆಂಗಳೂರಿಗೆ ಬಂದು ನೀಡಿದ ಉಪನ್ಯಾಸಗಳಿಂದ ಇಲ್ಲಿನ ಆಸಕ್ತರಲ್ಲಿ ಹುರುಪು ಮೂಡಿತು. 1904ರಲ್ಲಿ ಕೇಂದ್ರ ಆರಂಭವಾಯಿತು. ಸ್ವಾಮಿ ಆತ್ಮಾನಂದರು ಮೊದಲ ಹೊಣೆ ಹೊತ್ತರು. 1906ರಲ್ಲಿ ಅಮೆರಿಕದಿಂದ ಬಂದಿದ್ದ ಸ್ವಾಮಿ ಅಭೇದಾನಂದರು ಬಸವನಗುಡಿಯಲ್ಲಿ ಆಶ್ರಮದ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ಜಾಗ ಮೈಸೂರು ಸರ್ಕಾರ ಕೊಟ್ಟದ್ದು.

ಈ ಜಾಗದ ಆಯ್ಕೆ ಆಶ್ರಮದ ಮುಂದಿನ ಸ್ವಭಾವವನ್ನೇ ನಿರ್ಧರಿಸಿತು. 1898ರ ಪ್ಲೇಗಿನ ಆಸುಪಾಸಿನ ವರ್ಷಗಳಲ್ಲಿ ರೂಪುಗೊಂಡ ಬಸವನಗುಡಿ ಆಗ ಊರಿನ ಹೊರಗಿನ ಹೊಸ ಬಡಾವಣೆ. ಕೋಟೆ–ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಓದುಬರಹದ ಕುಟುಂಬಗಳು ಅಲ್ಲಿ ಮನೆ ಕಟ್ಟಿಕೊಳ್ಳುತ್ತಿದ್ದವು. ಒಂದು ಕಡೆ ದೊಡ್ಡ ಬಸವಣ್ಣನ ಗುಡಿ, ಕಾರ್ತಿಕದ ಕಡಲೆಕಾಯಿ ಪರಿಷೆ. ಇನ್ನೊಂದು ಕಡೆ ಗವಿಗಂಗಾಧರೇಶ್ವರ. ನಡುವೆ ಕರಿಬಂಡೆಗಳ ದಿಣ್ಣೆ. ಹಳೆಯ ದೇವರ ನೆರೆಯಲ್ಲಿ, ಹೊಸ ಓದಿನ ಜನರ ನಡುವೆ ಆಶ್ರಮ ಎದ್ದಿತು. ಸ್ವಾಮಿ ಬ್ರಹ್ಮಾನಂದರು 1909ರ ಜನವರಿಯಲ್ಲಿ ಅದರ ಬಾಗಿಲು ತೆರೆದರು.

1909–1911: ಇಲ್ಲಿಂದ ಹೋದ ಹಾಡು, ಇಲ್ಲಿ ಉಳಿದ ಮೌನ

ಬ್ರಹ್ಮಾನಂದರು ರಾಮಕೃಷ್ಣ ಸಂಘದ ಮೊದಲ ಅಧ್ಯಕ್ಷರು. ಸಂಘದಲ್ಲಿ ಅವರಿಗೆ ‘ರಾಜಾ ಮಹಾರಾಜ್’ ಎಂದೇ ಹೆಸರು. ದಕ್ಷಿಣದ ಯಾತ್ರೆಯಲ್ಲಿ ಅವರು ರಾಮನಾಮ ಸಂಕೀರ್ತನೆಯನ್ನು ಕೇಳಿ ಪರವಶರಾದರು. ಅದನ್ನು ಬರೆಸಿಕೊಂಡು, ರಾಗ ಕೂಡಿಸಿ, ಬಂಗಾಳದಲ್ಲಿರುವ ಸಂಘದ ಕೇಂದ್ರವಾದ ಬೇಲೂರು ಮಠಕ್ಕೆ ಒಯ್ದರು. ಬೆಂಗಳೂರಿನ ಹೆಸರು ಈ ಘಟನೆಯೊಂದಿಗೆ ಸಂಘದ ನೆನಪಿನಲ್ಲಿ ಗಟ್ಟಿಯಾಗಿ ಕೂಡಿಕೊಂಡಿದೆ. ಏಳು ಕಾಂಡಗಳ ರಾಮಾಯಣವನ್ನೆಲ್ಲ ನೂರೆಂಟು ನಾಮಗಳಲ್ಲಿ ಅಡಗಿಸಿದ ಹಾಡು ಅದು. ಇಂದು ದೇಶ–ವಿದೇಶಗಳ ರಾಮಕೃಷ್ಣ ಮಠಗಳಲ್ಲಿ ಏಕಾದಶಿಯ ಸಂಜೆ ಅದನ್ನು ಹಾಡುತ್ತಾರೆ. ಎದುರಿಗೆ ಶ್ರೀರಾಮನ ಪಟವಿರುತ್ತದೆ. ಪಕ್ಕದಲ್ಲಿ ಆಂಜನೇಯನಿಗೆಂದು ಒಂದು ಬರಿದಾದ ಆಸನ, ಅದರ ಮುಂದೆ ರಾಮಾಯಣದ ಪುಸ್ತಕ. ರಾಮಕಥೆ ನಡೆಯುವಲ್ಲಿ ಹನುಮಂತ ಬಂದು ಕೂರುತ್ತಾನೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಇದೆ. ಆಸನ ಹಾಕಿಡುವ ಪದ್ಧತಿ ಆ ನಂಬಿಕೆಯ ರೂಪವೇ.

ಇದೇ ಬ್ರಹ್ಮಾನಂದರ ಬೆಂಗಳೂರು ವಾಸ್ತವ್ಯದ ಇನ್ನೊಂದು ನೆನಪನ್ನು ಅವರ ಜೀವನಚರಿತ್ರೆಗಳು ದಾಖಲಿಸಿವೆ. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯದವರು ಆಶ್ರಮಕ್ಕೆ ಬಂದು ರಾಮನಾಮದಲ್ಲಿ ಸೇರುತ್ತಿದ್ದರು. ಒಂದು ದಿನ ಸ್ವಾಮೀಜಿ ಮುನ್ಸೂಚನೆಯಿಲ್ಲದೆ ಅವರ ಕೇರಿಗೇ ಹೋಗಿ, ಅವರು ಕಟ್ಟಿಕೊಂಡಿದ್ದ ಪೂಜಾಸ್ಥಳವನ್ನು ನೋಡಿ, ಹರಸಿ ಬಂದರು. ಹಾಡು ಮೊದಲು ಒಟ್ಟಿಗೆ ಕೂರಿಸಿತು, ಆಮೇಲೆ ಬಾಗಿಲು ತೆರೆಯಿತು. ಒಟ್ಟಾಗಿ ಹಾಡುವುದರಲ್ಲಿ ಇಂಥ ಬಲವಿದೆ ಎಂದು ಈ ಆಶ್ರಮ ಮೊದಲ ದಿನಗಳಲ್ಲೇ ಕಂಡುಕೊಂಡಿತ್ತು.

1911ರ ಮಾರ್ಚ್‌ನಲ್ಲಿ ಶ್ರೀಮಾತೆ ಶಾರದಾದೇವಿಯವರು ರಾಮೇಶ್ವರ ಯಾತ್ರೆ ಮುಗಿಸಿ ಬೆಂಗಳೂರಿಗೆ ಬಂದರು. ಗವಿಪುರದ ಗುಹಾದೇವಾಲಯಕ್ಕೆ ಹೋಗಿ ಮರಳುವಷ್ಟರಲ್ಲಿ ಆಶ್ರಮದ ಅಂಗಳ ಜನರಿಂದ ತುಂಬಿಹೋಗಿತ್ತು. ಅವರನ್ನು ಕಂಡೊಡನೆ ಎಲ್ಲರೂ ನೆಲಕ್ಕೆ ಬಾಗಿದರು. ಅಮ್ಮ ಕೈಯೆತ್ತಿ ಹರಸುತ್ತ ನಿಂತುಬಿಟ್ಟರು. ಆಮೇಲೆ ಹಜಾರದಲ್ಲಿ ಎಲ್ಲರೂ ಸುಮ್ಮನೆ ಕುಳಿತರು. ಅವರಿಗೆ ಕನ್ನಡ ಬಾರದು, ಇವರಿಗೆ ಬಂಗಾಳಿ ಬಾರದು. ಇವರ ಭಾಷೆ ಬಂದಿದ್ದರೆ ಎರಡು ಮಾತಾಡಬಹುದಿತ್ತು ಎಂದು ಅಮ್ಮ ಹೇಳಿದಾಗ, ಮಾತು ಬೇಡ, ನೋಡಿದ್ದರಲ್ಲೇ ಮನಸ್ಸು ತುಂಬಿತು ಎಂದು ಭಕ್ತರು ಅರುಹಿದರಂತೆ. ಆ ದಿನಗಳ ಒಂದು ಸಂಜೆ ಆಶ್ರಮದ ಹಿಂಬದಿಯ ಬಂಡೆಯ ಮೇಲೆ ಅವರು ಜಪಕ್ಕೆ ಕುಳಿತದ್ದು, ರಾಮಕೃಷ್ಣಾನಂದರು ಓಡಿಬಂದು ಸ್ತೋತ್ರ ಹೇಳಿ ನಮಸ್ಕರಿಸಿದ್ದು ಬೆಂಗಳೂರಿನ ಭಕ್ತರೆಲ್ಲರಿಗೂ ಗೊತ್ತು. ಆ ಬಂಡೆಯನ್ನು ಇಂದಿಗೂ ಕಾಪಾಡಿಕೊಂಡು ಬರಲಾಗಿದೆ. ಅದೇ ವರ್ಷದ ಆಗಸ್ಟಿನಲ್ಲಿ ರಾಮಕೃಷ್ಣಾನಂದರು ತೀರಿಕೊಂಡರು.

ಆ ದಿನದ ಮೌನ ಪೂಜ್ಯವೇ. ಆದರೆ ಮೌನ ದಿನನಿತ್ಯದ ಅನ್ನವಾಗಲಾರದು. ಊರಿನ ಜನರ ಬಾಯಿಗೆ ನಿಲುಕುವ ಮಾತು, ಹಾಡು ಆಶ್ರಮಕ್ಕೆ ಬೇಕಿತ್ತು. ಅದು ಬರಲು ಅರ್ಧ ಶತಮಾನ ಹಿಡಿಯಿತು.

1911–1951: ಶಾಸ್ತ್ರದ ಕಾಲ

1909ರಿಂದ ಆಶ್ರಮವನ್ನು ನಡೆಸಿದವರು ತುಳಸಿ ಮಹಾರಾಜ್ ಎಂದು ಪ್ರಸಿದ್ಧರಾದ ಸ್ವಾಮಿ ನಿರ್ಮಲಾನಂದರು. ಶಿಸ್ತಿನಲ್ಲಿ ಕಠಿಣರು, ಜಾತಿಭೇದದ ವಿಷಯದಲ್ಲಿ ಇನ್ನೂ ಕಠಿಣರು. ಕೇರಳದಲ್ಲಿ ಅವರು ಕಟ್ಟಿದ ಆಶ್ರಮಗಳಲ್ಲಿ ಎಲ್ಲ ಜಾತಿಯವರೂ ಒಂದೇ ಚಾಪೆಯ ಮೇಲೆ ಕೂತು ಭಜನೆ ಮಾಡಬೇಕೆಂಬುದು ನಿಯಮ. ಕೊಡಗಿನ ಪೊನ್ನಂಪೇಟೆಯಲ್ಲಿ 1927ರಲ್ಲಿ ಆಶ್ರಮ ಆರಂಭವಾದದ್ದೂ ಅವರ ಕಾಲದಲ್ಲೇ. 1930ರ ದಶಕದಲ್ಲಿ ಬೆಂಗಳೂರು ಆಶ್ರಮದ ಆಡಳಿತದ ಬಗ್ಗೆ ಸ್ವಾಮೀಜಿಗೂ ಬೇಲೂರು ಮಠಕ್ಕೂ ಅಭಿಪ್ರಾಯಭೇದ ಉಂಟಾಗಿ ನ್ಯಾಯಾಲಯದ ತೀರ್ಪಿನಿಂದ ಅದು ಬಗೆಹರಿಯಿತು. ಸ್ವಾಮೀಜಿ ಕೇರಳದ ಒಟ್ಟಪ್ಪಾಲಂಗೆ ತೆರಳಿ 1938ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಇಬ್ಬರ ನಿಷ್ಠೆಯೂ ಒಬ್ಬನೇ ಗುರುವಿನಲ್ಲಿತ್ತು. ಎರಡು ದಶಕಕ್ಕೂ ಮಿಕ್ಕಿ ಅವರು ಇಲ್ಲಿ ದುಡಿದದ್ದನ್ನು ಕೃತಜ್ಞತೆಯಿಂದಲೇ ನೆನೆಯಬೇಕು.

ಆಮೇಲಿನ ಅಧ್ಯಕ್ಷರಲ್ಲಿ ಸ್ವಾಮಿ ತ್ಯಾಗೀಶಾನಂದರು ದೊಡ್ಡ ವಿದ್ವಾಂಸರು. ನಾರದ ಭಕ್ತಿಸೂತ್ರಗಳಿಗೆ ಅವರು ಇಂಗ್ಲಿಷಿನಲ್ಲಿ ಬರೆದ ವ್ಯಾಖ್ಯಾನ ಇಂದಿಗೂ ಓದುಗರ ಕೈಯಲ್ಲಿದೆ. 1951ರವರೆಗೆ ಅವರ ಪಾಠ ನಡೆಯಿತು. ಭಕ್ತಿಯ ಶಾಸ್ತ್ರ ಹೀಗೆ ಇಲ್ಲಿ ನೆಲೆಗೊಂಡಿತು. ಸಂಜೆಯ ಆರತಿಯಲ್ಲಿ 1898ರಲ್ಲಿ ವಿವೇಕಾನಂದರೇ ರಚಿಸಿದ ‘ಖಂಡನ ಭವಬಂಧನ’ ಮೊಳಗುತ್ತಿತ್ತು. ಗಾಂಧಿಬಜಾರಿನಿಂದ ಬಂದ ಗೃಹಸ್ಥರು ಅದನ್ನು ಕೇಳಿ ಕೇಳಿಯೇ ಕಲಿತು ದನಿಗೂಡಿಸುತ್ತಿದ್ದರು.

1951–1966: ಊರು ತೆಂಕಣಕ್ಕೆ ಬೆಳೆದಾಗ

ಸ್ವಾಮಿ ಯತೀಶ್ವರಾನಂದರು 1951ರಲ್ಲಿ ಬೆಂಗಳೂರಿಗೆ ಬರುವ ಮುನ್ನ ಯೂರೋಪು–ಅಮೆರಿಕಗಳಲ್ಲಿ ಹಲವು ವರ್ಷ ವೇದಾಂತ ಬೋಧಿಸಿದ್ದರು. ಜಗತ್ತು ಕಂಡು ಬಂದ ಆ ಹಿರಿಯರು ಇಲ್ಲಿ ಹೆಚ್ಚು ಗಮನ ಕೊಟ್ಟದ್ದು ಹುಡುಗರ ಕಡೆಗೆ. ಅದಕ್ಕೆ ಕಾಲವೂ ಕೂಡಿಬಂದಿತ್ತು.

1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲಿಟ್ಟರು. ಅಶೋಕ ಸ್ತಂಭದ ಆಚೆಗಿದ್ದ ತೋಟ–ಹೊಲಗಳು ಬ್ಲಾಕುಗಳಾದವು. ಸರ್ಕಾರಿ ಕಚೇರಿ, ಬ್ಯಾಂಕು, ಹೊಸದಾಗಿ ತಲೆಯೆತ್ತಿದ ಸಾರ್ವಜನಿಕ ಕಾರ್ಖಾನೆಗಳ ಕೆಲಸ ಹಿಡಿದು ಮೈಸೂರು, ಹಾಸನ, ತುಮಕೂರು, ಮಲೆನಾಡು, ಕರಾವಳಿಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲೆಸಿದವು. ಆಮೇಲೆ ಬನಶಂಕರಿ, ಜೆ.ಪಿ. ನಗರ, ಇನ್ನೂ ಆಮೇಲೆ ಬೈರಸಂದ್ರ–ತಾವರೆಕೆರೆ–ಮಡಿವಾಳ ಸೇರಿದ ಬಿ.ಟಿ.ಎಂ. ಬಡಾವಣೆ. ಊರಲ್ಲಿ ಅಜ್ಜಿ ಹಾಡುತ್ತಿದ್ದ ಸಂಪ್ರದಾಯದ ಹಾಡು, ರಾಮಮಂದಿರದ ಭಜನೆ, ಮಠದ ಸಂಜೆ ಎಲ್ಲವೂ ಹಿಂದುಳಿದವು. ಮಕ್ಕಳು ಓದಿನಲ್ಲಿ ಮುಂದೆ ಬಂದರು. ಅವರ ಸಂಜೆಗಳಿಗೆ ಒಂದು ನೆಲೆ ಬೇಕೆಂದು ತಂದೆತಾಯಿಯರು ಹುಡುಕುತ್ತಿದ್ದರು. ಬುಲ್ ಟೆಂಪಲ್ ರಸ್ತೆಯ ಆಶ್ರಮ ಈ ಎಲ್ಲ ಬಡಾವಣೆಗಳಿಗೂ ಸೈಕಲ್ ದೂರದಲ್ಲಿತ್ತು. ವಿವೇಕಾನಂದ ಬಾಲಕ ಸಂಘ, ಯುವಕ ಸಂಘಗಳು ಈ ಅಗತ್ಯಕ್ಕೆ ಆಶ್ರಮ ಕೊಟ್ಟ ಉತ್ತರ. ಪುರುಷೋತ್ತಮಾನಂದರ ಸಂನ್ಯಾಸಜೀವನ ರೂಪು ಪಡೆದದ್ದು ಈ ವಾತಾವರಣದಲ್ಲಿ. ಯತೀಶ್ವರಾನಂದರು 1966ರಲ್ಲಿ ದೇಹ ಬಿಟ್ಟರು.

ಕನ್ನಡದ ಕಂಠ

ಪುರುಷೋತ್ತಮಾನಂದರಿಗೆ ಮೊದಲಿನಿಂದಲೂ ಒಲಿದ ಕ್ಷೇತ್ರ ಹುಡುಗರದು. ಬಾಲಕ ಸಂಘದಲ್ಲಿ ಹಾಡು ಎಂಬುದು ಕಾರ್ಯಕ್ರಮದ ಆರಂಭಕ್ಕೆ ಹೇಳಿ ಮುಗಿಸುವ ಪ್ರಾರ್ಥನೆಯಾಗಿರಲಿಲ್ಲ, ಅದೇ ಪಾಠವಾಗಿತ್ತು. ಜಮಖಾನದ ಮೇಲೆ ಸಾಲಾಗಿ ಕೂತ ಹುಡುಗರು, ಒಂದು ಹಾರ್ಮೋನಿಯಂ, ತಬಲಾ, ಒಂದಿಷ್ಟು ತಾಳ. ಹೇಳಿಕೊಡುವವರು ಒಂದು ಸಾಲು ಹಾಡಬೇಕು, ಹುಡುಗರು ಅದನ್ನೇ ತಿರುಗಿ ಹಾಡಬೇಕು. ಈ ಪದ್ಧತಿ ನಮ್ಮ ಊರೂರ ಭಜನೆಯದೇ. ಅದರೊಳಗೆ ಸ್ವಾಮೀಜಿ ತಂದ ಅಚ್ಚುಕಟ್ಟು ಮಾತ್ರ ಅವರದೇ.

ಅವರ ಧ್ವನಿಮುದ್ರಣಗಳನ್ನು ಕಿವಿಗೊಟ್ಟು ಕೇಳಿದರೆ ಆ ಅಚ್ಚುಕಟ್ಟು ತಿಳಿಯುತ್ತದೆ. ದನಿ ತುಂಬು ದನಿ, ಕೆಳಸ್ಥಾಯಿಯಲ್ಲಿ ಗಟ್ಟಿ. ಎತ್ತರಕ್ಕೆ ಹೋಗುವಾಗ ಕಿರುಚುವುದಿಲ್ಲ. ಮೊದಲ ಸಾಲನ್ನು ನಿಧಾನವಾಗಿ, ಒಂದೊಂದು ಅಕ್ಷರಕ್ಕೂ ಜಾಗ ಕೊಟ್ಟು ಇಡುತ್ತಾರೆ. ಅಲ್ಪಪ್ರಾಣ–ಮಹಾಪ್ರಾಣ, ಲಕಾರ–ಳಕಾರ ಎಲ್ಲೂ ಬೆರೆಯುವುದಿಲ್ಲ. ಗಮಕ ಇದೆ, ಆದರೆ ಎರಡನೆಯ ಸಲಕ್ಕೆ ಕೇಳುಗ ಹಿಡಿಯಬಲ್ಲಷ್ಟೇ. ಆಲಾಪಕ್ಕೆಂದು ನಿಲ್ಲುವುದಿಲ್ಲ. ಗುಂಪು ಸಾಲನ್ನು ಹಿಡಿದುಕೊಂಡದ್ದು ಖಾತ್ರಿಯಾದ ಮೇಲೆ ಕಾಲ ಏರುತ್ತದೆ, ತಾಳ ಬಿಗಿಯುತ್ತದೆ. ಹಾಡಿನ ಕೊನೆಗೆ ಮತ್ತೆ ಮೊದಲಿನ ನಿಧಾನ. ಕಛೇರಿಯ ವಿದ್ವಾಂಸರಿಗೆ ಇದು ಸರಳವೆನ್ನಿಸಬಹುದು. ಸಂಗೀತ ಬಾರದ ಐವತ್ತು ಜನರನ್ನು ಒಂದೇ ಶ್ರುತಿಗೆ ತಂದು ನಿಲ್ಲಿಸುವುದು ಎಷ್ಟು ಕಷ್ಟವೆಂದು ಭಜನೆ ನಡೆಸಿದವರಿಗಷ್ಟೇ ಗೊತ್ತು. ಅವರು ಅದನ್ನು ದಶಕಗಳ ಕಾಲ ಮಾಡಿದರು.

ಹಾಡಿನ ಆಯ್ಕೆಯಲ್ಲಿ ಅವರ ದೊಡ್ಡತನ ಇನ್ನೂ ಸ್ಪಷ್ಟ. ಶ್ರೀರಾಮಕೃಷ್ಣ, ಶಾರದಾಮಾತೆ, ವಿವೇಕಾನಂದರ ಮೇಲಿನ ಕನ್ನಡ ಹಾಡುಗಳು ಅವರ ಬಾಯಲ್ಲಿ ಮನೆಮನೆಗೆ ಹೋದವು. ಹರಿದಾಸರ ಪದಗಳು ಹಾಗೂ ಸಂಸ್ಕೃತ ಸ್ತೋತ್ರಗಳೂ ಅದೇ ಜಮಖಾನದ ಮೇಲೆ ಬಂದು ಕೂತವು. ಮಾಧ್ವರ ಮನೆಯ ಅಜ್ಜಿಗೆ ದಾಸರ ಪದ ಪರಿಚಿತ, ಪರಮಹಂಸರು ಹೊಸಬರು. ಒಂದೇ ಭಜನೆಯಲ್ಲಿ ಎರಡೂ ಬಂದಾಗ ಹೊಸಬರು ನೆಂಟರಾದರು. ದಕ್ಷಿಣ ಬೆಂಗಳೂರಿನ ಮಹಿಳೆಯರ ಭಜನಾಮಂಡಳಿಗಳು ಈ ಹಾಡುಗಳನ್ನು ಎತ್ತಿಕೊಂಡದ್ದಕ್ಕೆ ಇದೇ ಕಾರಣವೆಂದು ನನಗೆ ತೋರುತ್ತದೆ. ಆಶ್ರಮ ಅವರ ಬಳಿ ಏನನ್ನೂ ಬಿಟ್ಟುಬಿಡಿ ಎನ್ನಲಿಲ್ಲ. ಇದ್ದುದಕ್ಕೆ ಸೇರಿಸಿಕೊಳ್ಳಿ ಎಂದಿತು.

ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. ಟೇಪ್ ರೆಕಾರ್ಡರ್ ಮಧ್ಯಮವರ್ಗದ ಮನೆಗಳಿಗೆ ಬಂದದ್ದೇ ತಡ, ಆಶ್ರಮದ ಪುಸ್ತಕ ಮಳಿಗೆಯಲ್ಲಿ ಪುಸ್ತಕಗಳ ಜೊತೆಗೆ ಅವರ ಭಜನೆಯ ಕ್ಯಾಸೆಟ್ಟುಗಳೂ ಕೂತವು. ಬೆಂಗಳೂರಿಗೆ ಬಂದ ನೆಂಟರು ಊರಿಗೆ ಒಯ್ದರು, ಅಮೆರಿಕಕ್ಕೆ ಹೊರಟ ಎಂಜಿನಿಯರುಗಳು ಸೂಟ್‌ಕೇಸಿನಲ್ಲಿ ಒಯ್ದರು. ಆಶ್ರಮಕ್ಕೆ ಬರಲಾಗದ ಹಾಸಿಗೆ ಹಿಡಿದ ಹಿರಿಯರಿಗೆ, ಹಗಲಿಡೀ ಅಡುಗೆಮನೆಯಲ್ಲಿ ನಿಂತ ಗೃಹಿಣಿಗೆ ಆಶ್ರಮವೇ ಮನೆಗೆ ಬಂದಂತಾಯಿತು.

ಹಾಡಿನ ಕೈಯಲ್ಲಿ ಲೇಖನಿ

ಸ್ವಾಮೀಜಿಯ ಬರಹವನ್ನು ಅವರ ಹಾಡಿನಿಂದ ಬೇರ್ಪಡಿಸಿ ನೋಡಲು ನನಗೆ ಆಗುವುದಿಲ್ಲ. ‘ವೀರಸಂನ್ಯಾಸಿ ವಿವೇಕಾನಂದ’, ‘ವಿಶ್ವವಿಜೇತ ವಿವೇಕಾನಂದ’, ‘ವಿಶ್ವಮಾನವ ವಿವೇಕಾನಂದ’ ಎಂಬ ಮೂರು ಸಂಪುಟಗಳ ಜೀವನಚರಿತ್ರೆ ಕನ್ನಡದ ಹದಿಹರೆಯದ ಓದುಗರಿಗೆ ವಿವೇಕಾನಂದರನ್ನು ಬಾಲ್ಯದಿಂದ ಕೊನೆಯ ದಿನದವರೆಗೆ ಜೊತೆಯಲ್ಲಿ ನಡೆಸಿ ತೋರಿಸಿದ ಕೃತಿ. ಕನ್ನಡದಲ್ಲಿ ಈ ಪರಂಪರೆಗೆ ಗಟ್ಟಿ ತಳಪಾಯ ಮೊದಲೇ ಇತ್ತು. ಕುವೆಂಪು ಅವರು ಪರಮಹಂಸರ ಮತ್ತು ವಿವೇಕಾನಂದರ ಜೀವನಚರಿತ್ರೆಗಳನ್ನು ಬರೆದಿದ್ದರು, ಮೈಸೂರು ಆಶ್ರಮ ವಿವೇಕಾನಂದರ ಕೃತಿಗಳನ್ನು ಕನ್ನಡಕ್ಕೆ ತಂದಿತ್ತು, ಸ್ವಾಮಿ ಸೋಮನಾಥಾನಂದರು ಅದಕ್ಕಾಗಿ ಬಹಳ ದುಡಿದಿದ್ದ ಹಿರಿಯರು. ಪುರುಷೋತ್ತಮಾನಂದರು ಈ ಸಾಲಿಗೆ ತಂದದ್ದು ಎದುರಿಗೆ ಕೂತು ಹೇಳುವ ಧಾಟಿಯನ್ನು. ವಾಕ್ಯಗಳು ಚಿಕ್ಕವು, ಓದುಗನನ್ನು ಕರೆದು ಮಾತಾಡಿಸುತ್ತವೆ. ಗಟ್ಟಿಯಾಗಿ ಓದಿದರೆ ಉಸಿರು ಸಿಕ್ಕಿಕೊಳ್ಳುವುದಿಲ್ಲ. ಹಾಡುಗಾರನ ಕಿವಿ ಆ ಗದ್ಯದಲ್ಲಿ ಎಚ್ಚರವಾಗಿದೆ.

ಚಿಕ್ಕ ಪುಸ್ತಿಕೆ ‘ವಿದ್ಯಾರ್ಥಿಗೊಂದು ಪತ್ರ’ ಇನ್ನೂ ದೂರ ಹೋಯಿತು. ಜೇಬಿನಲ್ಲಿ ಹಿಡಿಯುವಷ್ಟು ತೆಳ್ಳನೆಯದು, ಕಾಗದದ ರೂಪದ್ದು. ಓದಲು ಕೂತರೆ ಮನಸ್ಸು ನಿಲ್ಲುವುದಿಲ್ಲವೆಂದು ಗೋಳಾಡುವ ಹುಡುಗನಿಗೆ ಒಬ್ಬ ಅಣ್ಣ ಬರೆದಂತೆ ಅದು ಮಾತಾಡುತ್ತದೆ. ಬೈಯುವುದಿಲ್ಲ, ಹೆದರಿಸುವುದಿಲ್ಲ. ಏಕಾಗ್ರತೆಯನ್ನು ಅಭ್ಯಾಸದಿಂದ ಕಲಿಯಬಹುದಾದ ವಿದ್ಯೆಯೆಂದು ವಿವರಿಸುತ್ತದೆ. ಪ್ರತಿಭಾ ಪುರಸ್ಕಾರದಲ್ಲಿ, ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ಅದನ್ನು ಹಂಚುವ ವಾಡಿಕೆ ಬೆಳೆಯಿತು. ಎಸ್ಸೆಸ್ಸೆಲ್ಸಿಯ ಭಯ ಮನೆಮನೆಯನ್ನೂ ಆಳುತ್ತಿದ್ದ ಈ ಬಡಾವಣೆಗಳಲ್ಲಿ ಅದಕ್ಕಿಂತ ಸಕಾಲಿಕವಾದ ಪುಸ್ತಕವನ್ನು ಯಾರಿಗೂ ಬರೆಯಲಾಗುತ್ತಿರಲಿಲ್ಲ.

ವಿವೇಕಾನಂದರ ಜನ್ಮದಿನ ಜನವರಿ 12ನ್ನು 1985ರಿಂದ ರಾಷ್ಟ್ರೀಯ ಯುವದಿನವಾಗಿ ಆಚರಿಸುವುದು ಮೊದಲಾದಾಗ ಶಾಲಾಕಾಲೇಜುಗಳು ಭಾಷಣಕಾರರಿಗಾಗಿ, ಹಾಡಿಗಾಗಿ, ಪುಸ್ತಕಕ್ಕಾಗಿ ಹುಡುಕಾಡಿದವು. ಕನ್ನಡನಾಡಿನಲ್ಲಿ ಮೂರೂ ಸಿದ್ಧವಾಗಿದ್ದವು.

2004 ಮತ್ತು ಈಚೆಗೆ

2004ರಲ್ಲಿ ಆಶ್ರಮಕ್ಕೆ ನೂರು ತುಂಬಿತು. 2005ರ ಫೆಬ್ರವರಿಯಲ್ಲಿ ಪುರುಷೋತ್ತಮಾನಂದರು ದೇಹ ಬಿಟ್ಟರು. ಬಾಲಕ ಸಂಘದಲ್ಲಿ ಬೆಳೆದವರಲ್ಲಿ ಕೆಲವರು ಸಂನ್ಯಾಸಿಗಳಾಗಿದ್ದರು, ಹೆಚ್ಚಿನವರು ಡಾಕ್ಟರು, ಮೇಷ್ಟ್ರು, ಎಂಜಿನಿಯರು, ಅಂಗಡಿಕಾರರಾಗಿ ಸಂಸಾರದಲ್ಲಿದ್ದರು. ಎರಡೂ ಬಗೆಯವರಿಗೆ ಒಂದೇ ಹಾಡುಗಳು ಬಾಯಿಗೆ ಬರುತ್ತಿದ್ದವು.

ಆಶ್ರಮದ ಕೆಲಸ ಈಗ ಬಸವನಗುಡಿಯ ಎಲ್ಲೆ ದಾಟಿದೆ. ಬನ್ನೇರುಘಟ್ಟದ ಆಚೆ ಶಿವನಹಳ್ಳಿಯಲ್ಲಿ ರಾಮಕೃಷ್ಣ ಮಿಷನ್ನಿನ ಗ್ರಾಮಸೇವೆ ನಡೆದಿದೆ. ಬುಲ್ ಟೆಂಪಲ್ ರಸ್ತೆಯ ಸಂಜೆಯ ಆರತಿಗೆ ಇಂದು ಬರುವವರಲ್ಲಿ ಕನ್ನಡ ಮನೆಮಾತಲ್ಲದವರು ಬಹಳ ಮಂದಿ ಇದ್ದಾರೆ. ಬಿ.ಟಿ.ಎಂ., ಜೆ.ಪಿ. ನಗರಗಳ ಬಾಡಿಗೆ ಮನೆಗಳಿಂದ ಬರುವ ಆಂಧ್ರದ, ಒಡಿಶಾದ, ಬಂಗಾಳದ ತರುಣರು ಅವರು. 1911ರಲ್ಲಿ ಕನ್ನಡಿಗರು ಬಂಗಾಳಿ ಬಾರದೆ ಕೂತಿದ್ದ ಆಶ್ರಮದಲ್ಲಿ ಬಂಗಾಳದ ಹುಡುಗನೊಬ್ಬ ಕನ್ನಡದ ಭಜನೆಗೆ ತಾಳ ಹಾಕಬಹುದಾದ ಕಾಲ ಇದು. ಅವನಿಗೆ ಹಾಡು ಹೇಳಿಕೊಡಲು ಪುರುಷೋತ್ತಮಾನಂದರ ರೀತಿಯೇ ಸಾಕು: ಒಂದು ಸಾಲು ಹಾಡುವುದು, ಕಾಯುವುದು, ಮತ್ತೆ ಹಾಡುವುದು.

ಈ ಸಂಚಿಕೆಯ ಓದುಗರಲ್ಲಿ ನನ್ನದೊಂದು ಬೇಡಿಕೆಯಿದೆ. ಸ್ವಾಮೀಜಿಯ ಎದುರು ಕೂತು ಹಾಡು ಕಲಿತ ಬಾಲಕ ಸಂಘದ ಮೊದಲ ಹುಡುಗರಿಗೆ ಈಗ ಎಪ್ಪತ್ತು ದಾಟಿದೆ. ಯಾವ ಹಾಡಿಗೆ ಯಾವ ಧಾಟಿ ಹೇಗೆ ಕೂಡಿಬಂತು, ಕಲಿಸುವಾಗ ಎಲ್ಲಿ ತಡೆದು ತಿದ್ದುತ್ತಿದ್ದರು, ತಬಲಾದವರಿಗೆ ಏನು ಸೂಚನೆ ಕೊಡುತ್ತಿದ್ದರು ಎಂಬ ವಿವರಗಳು ಅವರ ನೆನಪಿನಲ್ಲಿವೆ. ಕ್ಯಾಸೆಟ್ಟಿನಲ್ಲಿ ಸಿಗುವುದು ಹಾಡು ಮಾತ್ರ, ಹಾಡು ಕಲಿಸಿದ ಬಗೆ ಅದರಲ್ಲಿ ಸಿಗದು. ಅವರನ್ನು ಕೂರಿಸಿ, ಹಾಡಿಸಿ, ಮಾತಾಡಿಸಿ ದಾಖಲಿಸಬೇಕು. ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟು, ಸ್ವಾಮೀಜಿ ಬರೆದ ಕಾಗದ, ಕೈಬರಹದ ಭಜನೆ ಪುಸ್ತಕ ಇಟ್ಟುಕೊಂಡವರು ಅವನ್ನು ಆಶ್ರಮಕ್ಕೆ ತಂದು ಪ್ರತಿ ಮಾಡಿಸಿಕೊಡಬೇಕು. ಸ್ವಾಮೀಜಿಯ ಜನ್ಮಶತಮಾನೋತ್ಸವ 2031ರಲ್ಲಿ ಬರಲಿದೆ. ಅಷ್ಟರೊಳಗೆ ಈ ಕೆಲಸ ಮುಗಿಯಬೇಕು.